ಗಿನಿ ಪಿಗ್ ಏದುಸಿರು ಬಿಡುತ್ತಿದೆಯೇ? ಹೃದಯ ಮತ್ತು ಉಸಿರಾಟದ ತೊಂದರೆ ಗುರುತಿಸಿ ನೋಡಿಕೊಳ್ಳುವ ಬಗೆ

ಗಿನಿ ಪಿಗ್ ತನ್ನ ಕಾಯಿಲೆಯನ್ನು ಮುಚ್ಚಿಡುವ ಪ್ರಾಣಿ. ದಕ್ಷಿಣ ಅಮೆರಿಕದ ಬಯಲುಗಳಲ್ಲಿ ಹದ್ದು, ನರಿಗಳ ಕಣ್ಣು ತಪ್ಪಿಸಿ ಬದುಕಿದ ಕುಲ ಅದು. ಸುಸ್ತಾಗಿರುವುದು ಗೊತ್ತಾದರೆ ಮೊದಲು ಬೇಟೆಯಾಗುವುದು ತಾನೇ. ಹುಬ್ಬಳ್ಳಿಯ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಹದ್ದಿನ ಭಯ ಇಲ್ಲದಿದ್ದರೂ ಆ ಸ್ವಭಾವ ಹೋಗಿಲ್ಲ. ಅದರ ಪಕ್ಕೆ ಜೋರಾಗಿ ಏರಿಳಿಯುವುದು ನಿಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ತೊಂದರೆ ಶುರುವಾಗಿ ಎಷ್ಟೋ ದಿನ ಆಗಿರುತ್ತದೆ.

ಆದ್ದರಿಂದ ಬರೀ ನೋಡಿದರೆ ಸಾಲದು, ಅಳೆಯಬೇಕು. ಗ್ರಾಂ ತೋರಿಸುವ ಅಡಿಗೆಮನೆ ತಕ್ಕಡಿ, ಫೋನಿನ ಕ್ಯಾಮೆರಾ, ಒಂದು ನೋಟ್‌ಬುಕ್ ಇದ್ದರೆ ಆಯಿತು. ದುಬಾರಿ ಪಂಜರ, ಆಟದ ಸಾಮಾನು ಇವೆಲ್ಲ ಆಮೇಲೆ ನೋಡಿಕೊಂಡರಾಯಿತು, ಮೊದಲು ತಕ್ಕಡಿ ತನ್ನಿ ಎಂದು ಗಿನಿ ಪಿಗ್ ತಂದ ಪ್ರತಿಯೊಬ್ಬರಿಗೂ ಹೇಳುತ್ತೇನೆ.

ಆರೋಗ್ಯವಾಗಿದ್ದಾಗಲೇ ಲೆಕ್ಕ ಬರೆದಿಡಿ

ಆರೋಗ್ಯವಂತ ಗಿನಿ ಪಿಗ್ ನಿಮಿಷಕ್ಕೆ ಸುಮಾರು 40ರಿಂದ 100 ಸಲ ಉಸಿರಾಡುತ್ತದೆ. ಹೃದಯ ನಿಮಿಷಕ್ಕೆ ಸುಮಾರು 230ರಿಂದ 380 ಸಲ ಬಡಿಯುತ್ತದೆ. ಈ ಎರಡನೆಯದನ್ನು ಕೈಯಿಂದ ಮುಟ್ಟಿ ಎಣಿಸಲು ಹೋಗಬೇಡಿ, ಅಷ್ಟು ವೇಗ ನಮ್ಮ ಎಣಿಕೆಗೆ ಸಿಗುವುದಿಲ್ಲ. ಉಸಿರನ್ನು ಮಾತ್ರ ಆರಾಮವಾಗಿ ಎಣಿಸಬಹುದು.

40ರಿಂದ 100 ಎಂದರೆ ದೊಡ್ಡ ಅಂತರ, ಅಲ್ವಾ? ಅದಕ್ಕೇ ಪುಸ್ತಕದ ಸಂಖ್ಯೆಗಿಂತ ನಿಮ್ಮ ಪ್ರಾಣಿಯ ಸಂಖ್ಯೆ ಮುಖ್ಯ. ಮಧ್ಯಾಹ್ನ ಅದು ಕಾಲು ಚಾಚಿ ಮಲಗಿದಾಗ ಹತ್ತಿರ ಹೋಗಿ ಎಬ್ಬಿಸಬೇಡಿ. ದೂರದಿಂದಲೇ ಪಕ್ಕೆ ಕಾಣುವಂತೆ 30 ಸೆಕೆಂಡ್ ವಿಡಿಯೊ ಮಾಡಿ. ಆಮೇಲೆ ಅದನ್ನು ನಿಧಾನ ವೇಗದಲ್ಲಿ ಹಾಕಿ ಎಣಿಸಿ. ಪಕ್ಕೆ ಒಮ್ಮೆ ಏರಿ ಇಳಿದರೆ ಒಂದು ಉಸಿರು. ಬಂದ ಸಂಖ್ಯೆಯನ್ನು ಎರಡರಿಂದ ಗುಣಿಸಿ, ತಾರೀಖು ಹಾಕಿ ಬರೆದಿಡಿ. ಸೆಖೆಯ ದಿನವೋ, ಆಗಷ್ಟೇ ಓಡಾಡಿ ಮಲಗಿತ್ತೋ ಎಂಬುದನ್ನೂ ಪಕ್ಕದಲ್ಲಿ ಗುರುತು ಮಾಡಿ. ಮೂರ್ನಾಲ್ಕು ಸಲ ಹೀಗೆ ಮಾಡಿದರೆ ನಿಮ್ಮ ಪ್ರಾಣಿಯ ವಾಡಿಕೆ ಲೆಕ್ಕ ಸಿಗುತ್ತದೆ. ಯಾವಾಗಲೂ 60ರ ಆಸುಪಾಸು ಇರುವ ಪ್ರಾಣಿ, ತಂಪು ಹೊತ್ತಿನಲ್ಲಿ ಮಲಗಿದ್ದಾಗಲೂ ಎರಡು ದಿನ ಸತತ 90 ತೋರಿಸಿದರೆ, 90 ಎಂಬುದು ಪುಸ್ತಕದ ಮಿತಿಯೊಳಗೇ ಇದೆ ಎಂದು ಸುಮ್ಮನಿರಬಾರದು. ವೈದ್ಯರಿಗೆ ಫೋನ್ ಮಾಡಿ.

ತೂಕವನ್ನು ವಾರಕ್ಕೊಮ್ಮೆ ನೋಡಿ. ವಾರದ ಅದೇ ದಿನ, ಅದೇ ಹೊತ್ತು, ತಿನ್ನುವ ಮುಂಚೆ. ತಕ್ಕಡಿಯ ಮೇಲೆ ಡಬ್ಬಿ ಇಟ್ಟು, ಸೊನ್ನೆ ಮಾಡಿ, ಒಳಗೆ ಕೂರಿಸಿ. ಬೆಳೆದ ಗಿನಿ ಪಿಗ್ ಸಾಮಾನ್ಯವಾಗಿ 700ರಿಂದ 1,200 ಗ್ರಾಂ ಇರುತ್ತದೆ. 20-30 ಗ್ರಾಂ ಹೆಚ್ಚು ಕಡಿಮೆ ಆಗುವುದು ಸಹಜ. ಆದರೆ 1,000 ಗ್ರಾಂ ಇದ್ದದ್ದು 900ಕ್ಕೆ ಇಳಿದರೆ, ಅಂದರೆ ಹತ್ತರಲ್ಲಿ ಒಂದು ಭಾಗ ಹೋದರೆ, ಅದು ಗಂಭೀರ. ಹೃದಯದ ತೊಂದರೆ ಇರಲಿ, ಹಲ್ಲಿನದ್ದಿರಲಿ, ಎಷ್ಟೋ ಸಲ ಮೊದಲು ಸುಳಿವು ಕೊಡುವುದು ತಕ್ಕಡಿಯೇ.

ಯಾವ ಗುರುತು ಕಂಡರೆ ಎಚ್ಚರ ಆಗಬೇಕು

ಹೃದಯದ ತೊಂದರೆಯೂ ಶ್ವಾಸಕೋಶದ ಸೋಂಕೂ ಹೊರಗಿನಿಂದ ಹೆಚ್ಚು ಕಡಿಮೆ ಒಂದೇ ಥರ ಕಾಣುತ್ತವೆ. ಹೃದಯ ಸರಿಯಾಗಿ ರಕ್ತ ತಳ್ಳದಿದ್ದರೆ ಶ್ವಾಸಕೋಶದ ಒಳಗೆ ಅಥವಾ ಸುತ್ತ ನೀರು ತುಂಬಿಕೊಳ್ಳುತ್ತದೆ, ಉಸಿರು ಕಟ್ಟುತ್ತದೆ. ಸೋಂಕಾದರೆ ಕೀವು, ಕಫದಿಂದ ಉಸಿರು ಕಟ್ಟುತ್ತದೆ. ನಮಗೆ ಎರಡರಲ್ಲೂ ಕಾಣುವುದು ಏದುಸಿರೇ. ಆದರೂ ಸೂಕ್ಷ್ಮವಾಗಿ ನೋಡಿದರೆ ಕೆಲವು ವ್ಯತ್ಯಾಸ ಸಿಗುತ್ತವೆ.

ಸೋಂಕಿದ್ದರೆ ಸಾಮಾನ್ಯವಾಗಿ ಮೂಗು ಒದ್ದೆ ಇರುತ್ತದೆ, ಕಣ್ಣಂಚಿಗೆ ಪಿಸುರು ಕಟ್ಟುತ್ತದೆ, ಮತ್ತೆ ಮತ್ತೆ ಸೀನುತ್ತದೆ. ಮುಂಗಾಲಿನಿಂದ ಮೂಗು ಒರೆಸಿಕೊಂಡು ಅಲ್ಲಿನ ಕೂದಲು ಅಂಟಂಟಾಗಿರುತ್ತದೆ. ಪ್ರಾಣಿಯನ್ನು ಮೆಲ್ಲಗೆ ಎತ್ತಿ ಪಕ್ಕೆಗೆ ಕಿವಿ ಇಟ್ಟರೆ ಚಟಪಟ ಅಥವಾ ಗೊರಗೊರ ಸದ್ದು ಕೇಳಬಹುದು. ತನ್ನ ಮುಖ ತೊಳೆಯಲು ಗಿನಿ ಪಿಗ್ ಕಣ್ಣಿನಿಂದ ಹಾಲಿನಂಥ ಬಿಳಿ ದ್ರವ ಬಿಡುತ್ತದೆ. ಅದು ಸಹಜ, ಅದಕ್ಕೆ ಗಾಬರಿ ಬೇಡ. ಒಣಗಿ ಹಕ್ಕಳೆಯಾಗಿ ನಿಂತರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ಹೃದಯದ ತೊಂದರೆ ಹೆಚ್ಚಾಗಿ ನಡುವಯಸ್ಸು ದಾಟಿದವಕ್ಕೆ ಬರುತ್ತದೆ, ಹುಟ್ಟಿನಿಂದಲೇ ಇರುವುದೂ ಉಂಟು. ಇದರಲ್ಲಿ ಮೂಗು ಒಣಗಿಯೇ ಇರಬಹುದು. ಮೊದಲು ಓಡಾಟ ಕಡಿಮೆ ಆಗುತ್ತದೆ. ಫ್ರಿಜ್ ಬಾಗಿಲ ಸದ್ದಿಗೆ ಕೂಗುತ್ತಿದ್ದದ್ದು ಕೂಗುವುದಿಲ್ಲ. ಕೊತ್ತಂಬರಿ ಕಂಡರೆ ಓಡಿ ಬಂದು ನಡುವೆ ನಿಂತುಬಿಡುತ್ತದೆ. ತೂಕ ಇಳಿಯುತ್ತಾ ಹೋಗುತ್ತದೆ. ಕೆಲವಕ್ಕೆ ಹೊಟ್ಟೆಯಲ್ಲಿ ನೀರು ಸೇರಿ ಹೊಟ್ಟೆ ಉಬ್ಬುತ್ತದೆ. ಕೆಲವು ಇದ್ದಕ್ಕಿದ್ದಂತೆ ಪಕ್ಕಕ್ಕೆ ವಾಲಿ ಬಿದ್ದು, ಸ್ವಲ್ಪ ಹೊತ್ತಿಗೆ ಏನೂ ಆಗದ ಹಾಗೆ ಎದ್ದು ಕೂರುತ್ತವೆ. ಹಾಗೆ ಬಿದ್ದು ಎದ್ದದ್ದನ್ನು ಒಮ್ಮೆ ಕಂಡರೂ ಸಾಕು, ಅವತ್ತೇ ವೈದ್ಯರ ಹತ್ತಿರ ಹೋಗಿ.

ಇನ್ನೊಂದು ಸದ್ದಿದೆ. ಉಸಿರಿನ ಜೊತೆಯಲ್ಲೇ, ಮಕ್ಕಳ ರಬ್ಬರ್ ಬೊಂಬೆ ಒತ್ತಿದಂತೆ, ಕೀಂಕ್ ಕೀಂಕ್ ಎಂದು ತಾಳ ತಪ್ಪದೆ ಬರುತ್ತದೆ. ಪ್ರಾಣಿಗಳು ಪರಸ್ಪರ ಮಾತಾಡಿಕೊಳ್ಳುವ ಗುರುಗುರು ಸದ್ದಲ್ಲ ಇದು. ಹೃದಯ ದೊಡ್ಡದಾಗಿದ್ದರೂ ಈ ಸದ್ದು ಬರುತ್ತದೆ, ಮೂಗಿನಲ್ಲಿ ಹುಲ್ಲಿನ ಚೂರು ಸಿಕ್ಕಿಕೊಂಡರೂ ಬರುತ್ತದೆ. ಹುಲ್ಲಿನ ಚೂರಾದರೆ ಸದ್ದು ಏಕಾಏಕಿ ಶುರುವಾಗಿರುತ್ತದೆ, ಒಂದೇ ಹೊಳ್ಳೆಯಿಂದ ನೀರು ಬರಬಹುದು. ಅದನ್ನು ತೆಗೆಯಲು ಪಿನ್ನು, ಚಿಮಟ ಏನನ್ನೂ ತೂರಿಸಬೇಡಿ. ಸದ್ದು ಬರುವಾಗ ವಿಡಿಯೊ ಮಾಡಿಟ್ಟುಕೊಳ್ಳಿ. ಆಸ್ಪತ್ರೆಯ ಮೇಜಿನ ಮೇಲೆ ಕೂರಿಸಿದಾಗ ಅದು ಹೆದರಿ ಸುಮ್ಮನಾಗುತ್ತದೆ, ವೈದ್ಯರಿಗೆ ಕೇಳಿಸುವುದೇ ಇಲ್ಲ.

ಬೇರೆ ಕಾರಣಕ್ಕೂ ಉಸಿರು ಜೋರಾಗುತ್ತದೆ: ಗ್ಯಾಸ್ ತುಂಬಿ ಹೊಟ್ಟೆ ಉಬ್ಬಿದರೆ, ಹೆಣ್ಣುಗಳಿಗೆ ಅಂಡಾಶಯದಲ್ಲಿ ನೀರುಗುಳ್ಳೆ ದೊಡ್ಡದಾದರೆ, ತುಂಬು ಗಬ್ಬವಿದ್ದರೆ, ನೋವಿದ್ದರೆ. ವಯಸ್ಸಾದದ್ದು ಚೆನ್ನಾಗಿ ತಿಂದರೂ ಸೊರಗುತ್ತಾ ಹೋಗಿ, ಎದೆ ಡವಡವ ಅನ್ನುತ್ತಿದ್ದರೆ ಥೈರಾಯ್ಡ್ ಜಾಸ್ತಿಯಾಗಿರಬಹುದು. ಇವನ್ನೆಲ್ಲ ಮನೆಯಲ್ಲಿ ಬಿಡಿಸಿ ಹೇಳಲು ಆಗುವುದಿಲ್ಲ, ಆದರೆ ವೈದ್ಯರನ್ನು ಕೇಳುವಾಗ ನೆನಪಿನಲ್ಲಿರಲಿ.

ನಾಳೆಗೆ ಬಿಡಬಾರದ ಗುರುತುಗಳು

ಗಿನಿ ಪಿಗ್ ಉಸಿರಾಡುವುದು ಮೂಗಿನಿಂದಲೇ. ನಾಯಿಯ ಹಾಗೆ ಬಾಯಿ ತೆರೆದು ತೇಕುವುದು ಅದರ ರೂಢಿಯಲ್ಲ. ಬಾಯಿ ತೆರೆದಿದೆ ಎಂದರೆ ಪ್ರಾಣಕ್ಕೆ ಕುತ್ತು ಬಂದಿದೆ ಎಂದೇ ಅರ್ಥ. ಕತ್ತು ಮುಂದೆ ಚಾಚಿ, ಮುಂಗಾಲು ಅಗಲಿಸಿ, ತಲೆ ಎತ್ತಿ ಕೂತೇ ಇದ್ದರೆ, ಮಲಗಲು ಒಲ್ಲದಿದ್ದರೆ, ಅದೂ ಅಷ್ಟೇ. ತುಟಿ, ವಸಡು, ಬೋಳು ಕಿವಿ, ಪಾದದ ಅಡಿ ಗುಲಾಬಿ ಬಣ್ಣ ಬಿಟ್ಟು ಬೂದಿ ಅಥವಾ ನೀಲಿಗೆ ತಿರುಗಿದ್ದರೆ ಆಮ್ಲಜನಕ ಸಾಲುತ್ತಿಲ್ಲ. ಕಿವಿ ಕಪ್ಪಗಿರುವ ಪ್ರಾಣಿಯಾದರೆ ಮುಂಹಲ್ಲಿನ ವಸಡನ್ನೇ ನೋಡಿ.

ಇನ್ನೊಂದು ಗಡುವು ಇದೆ: ತಿನ್ನುವುದು ನಿಲ್ಲಿಸಿ 12 ಗಂಟೆ. ಇದರ ಕರುಳು ಸದಾ ನಡೆಯುತ್ತಿರಬೇಕು. ಹುಲ್ಲು ಒಳಗೆ ಹೋಗದಿದ್ದರೆ ಕರುಳು ನಿಂತು, ಮೂಲ ಕಾಯಿಲೆಗಿಂತ ಮೊದಲು ಅದೇ ಜೀವ ತೆಗೆಯಬಹುದು. ರಾತ್ರಿ ಹಾಕಿದ ಹುಲ್ಲು ಬೆಳಿಗ್ಗೆ ಹಾಗೆಯೇ ಇದೆ, ಹಿಕ್ಕೆ ಇಲ್ಲ ಅಥವಾ ಸಣ್ಣಗೆ ಒಣಗಿದೆ ಎಂದಾದರೆ ಆಫೀಸಿಗೆ ಹೋಗಿ ಬಂದು ನೋಡೋಣ ಎನ್ನಬೇಡಿ.

ಮೊದಲ ಅರ್ಧ ಗಂಟೆ

ಕಷ್ಟಪಟ್ಟು ಉಸಿರಾಡುತ್ತಿರುವ ಗಿನಿ ಪಿಗ್ ಅನ್ನು ಎತ್ತಿ ಮುದ್ದಾಡುವುದು ಬೇಡ. ಮನೆಮಂದಿಯೆಲ್ಲ ಸುತ್ತ ನಿಲ್ಲುವುದೂ ಬೇಡ. ಹೆದರಿಕೆಯಿಂದಲೇ ಅದಕ್ಕೆ ಇನ್ನಷ್ಟು ಆಮ್ಲಜನಕ ಬೇಕಾಗುತ್ತದೆ.

1. ಗಾಳಿಯಾಡುವ, ತಂಪಾದ, ಸದ್ದಿಲ್ಲದ ಕೋಣೆಗೆ ಪಂಜರ ಸಮೇತ ಒಯ್ಯಿರಿ. ಟಿವಿ ಬಂದ್ ಮಾಡಿ.
2. ಟವೆಲ್ ಮಡಿಸಿ ಎದೆಯ ಕೆಳಗೆ ಕೊಡಿ, ಮುಂಭಾಗ ಸ್ವಲ್ಪ ಎತ್ತರವಾಗಲಿ. ಅದು ಒಪ್ಪಿದರೆ ಮಾತ್ರ.
3. 30 ಸೆಕೆಂಡ್ ವಿಡಿಯೊ ಮಾಡಿ.
4. ವೈದ್ಯರಿಗೆ ಫೋನ್ ಮಾಡಿ, ಬರುತ್ತಿದ್ದೇವೆ ಎಂದು ಹೇಳಿ. ಆಮ್ಲಜನಕ ತಯಾರಿಡಲು ಕೇಳಿ.
5. ಗಾಳಿ ಹೋಗುವ ಗಟ್ಟಿ ಡಬ್ಬದಲ್ಲಿ ಟವೆಲ್ ಹಾಸಿ, ಒಂದು ಹಿಡಿ ಹುಲ್ಲಿಟ್ಟು ಹೊರಡಿ.

ಎತ್ತಲೇಬೇಕಾದಾಗ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ ಇರಲಿ. ಎದೆಯನ್ನು ಒತ್ತಿ ಹಿಡಿಯಬಾರದು. ಅಂಗಾತ ಮಲಗಿಸಲೇಬಾರದು, ಹೊಟ್ಟೆಯ ಭಾರವೆಲ್ಲ ಶ್ವಾಸಕೋಶದ ಮೇಲೆ ಬೀಳುತ್ತದೆ. ಬಾಯಿ ತೆರೆದು ಉಸಿರಾಡುವಾಗ ನೀರಾಗಲಿ, ಆಹಾರವಾಗಲಿ ಸಿರಿಂಜಿನಲ್ಲಿ ಹಾಕಬೇಡಿ. ಅದು ಶ್ವಾಸಕೋಶಕ್ಕೆ ಹೋಗುತ್ತದೆ.

ಮನೆಯಲ್ಲಿ ಹಿರಿಯರು ಪ್ರೀತಿಯಿಂದಲೇ ಬಿಸಿ ಹಬೆ ಕೊಡು, ವಿಕ್ಸ್ ಹಚ್ಚು, ಕರ್ಪೂರ ಮೂಸಿಸು, ಲೋಬಾನದ ಹೊಗೆ ಹಾಕು ಎಂದು ಹೇಳುತ್ತಾರೆ. ಇವೆಲ್ಲ ಗಿನಿ ಪಿಗ್‌ಗೆ ಕೇಡು. ಬಿಸಿ ಹಬೆಯಿಂದ ಮೈ ಕಾದು ಹೋಗುತ್ತದೆ, ಉಳಿದವು ಮೂಗಿನ ಒಳಪೊರೆಯನ್ನು ಉರಿಸುತ್ತವೆ. ಮಕ್ಕಳಿಗೆಂದು ತಂದ ನೆಬ್ಯುಲೈಸರ್ ಮನೆಯಲ್ಲಿದ್ದರೆ ಅದು ಉಪಯೋಗಕ್ಕೆ ಬರಬಹುದು. ಆದರೆ ಯಾವ ದ್ರವ, ಎಷ್ಟು ಹೊತ್ತು ಎಂಬುದನ್ನು ವೈದ್ಯರೇ ಹೇಳಬೇಕು.

ವೈದ್ಯರನ್ನು ಹುಡುಕುವುದು, ಕೇಳಬೇಕಾದ್ದನ್ನು ಕೇಳುವುದು

ನಮ್ಮ ಕಡೆ ಪಶುವೈದ್ಯರ ದಿನವೆಲ್ಲ ಆಕಳು, ಎಮ್ಮೆ, ಕುರಿ, ನಾಯಿಗಳ ನಡುವೆಯೇ ಕಳೆಯುತ್ತದೆ. ಗಿನಿ ಪಿಗ್ ಅವರ ಮೇಜಿಗೆ ಬರುವುದು ಅಪರೂಪ. ಅದು ಅವರ ಕೊರತೆಯಲ್ಲ, ಊರಲ್ಲಿ ಸಾಕುವವರೇ ಕಡಿಮೆ. ಅದಕ್ಕೇ ಪ್ರಾಣಿ ಆರೋಗ್ಯವಾಗಿದ್ದಾಗಲೇ ಹುಡುಕಾಟ ಮುಗಿಸಿಬಿಡಿ. ಹುಬ್ಬಳ್ಳಿ, ಧಾರವಾಡದ ಖಾಸಗಿ ಕ್ಲಿನಿಕ್‌ಗಳಿಗೆ ಫೋನ್ ಮಾಡಿ, ಮೊಲ ಅಥವಾ ಗಿನಿ ಪಿಗ್ ನೋಡಿದ್ದೀರಾ, ಎಕ್ಸ್‌ರೇ ಇದೆಯಾ, ಆಮ್ಲಜನಕ ಇದೆಯಾ, ರಾತ್ರಿ ಸಿಗುತ್ತೀರಾ ಎಂದು ಕೇಳಿ. ಗದಗದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಅಲ್ಲಿಯೂ ವಿಚಾರಿಸಿಡಿ. ಹಾವೇರಿ, ರಾಣೆಬೆನ್ನೂರು ಕಡೆಯವರು ದಾವಣಗೆರೆಯ ಕ್ಲಿನಿಕ್‌ಗಳನ್ನೂ ಕೇಳಬಹುದು.

ಸಣ್ಣ ಪ್ರಾಣಿಗಳನ್ನೇ ನೋಡುವ ವೈದ್ಯರು ಬೆಂಗಳೂರಿನಲ್ಲಿದ್ದಾರೆ. ಆದರೆ ಹುಬ್ಬಳ್ಳಿಯಿಂದ 400 ಕಿಲೋಮೀಟರ್ ದಾರಿ ಅದು. ಏದುಸಿರು ಬಿಡುವ ಪ್ರಾಣಿಯನ್ನು ನೇರ ಅಲ್ಲಿಗೆ ಒಯ್ಯಬೇಡಿ. ಇಲ್ಲಿಯೇ ಆಮ್ಲಜನಕ ಕೊಡಿಸಿ, ಉಸಿರು ಒಂದು ಹದಕ್ಕೆ ಬರಲಿ. ವಿಡಿಯೊ, ಎಕ್ಸ್‌ರೇ ಚಿತ್ರ, ತೂಕದ ಪಟ್ಟಿ ಕಳಿಸಿ ಅಲ್ಲಿನವರ ಸಲಹೆ ಕೇಳಿ. ನಿಮ್ಮೂರಿನ ವೈದ್ಯರೂ ಅವರೂ ಫೋನಿನಲ್ಲಿ ಮಾತಾಡಿಕೊಂಡರೆ ಇನ್ನೂ ಒಳ್ಳೆಯದು.

ಕ್ಲಿನಿಕ್‌ನಲ್ಲಿ ಸಂಕೋಚ ಬಿಟ್ಟು ಕೇಳಲೇಬೇಕಾದ ಒಂದು ಪ್ರಶ್ನೆ ಇದೆ: "ಡಾಕ್ಟ್ರೇ, ಇದು ಪೆನ್ಸಿಲಿನ್ ಜಾತಿಯ ಔಷಧಿ ಅಲ್ಲ ತಾನೇ?"

ಯಾಕೆಂದರೆ ಮನುಷ್ಯರಿಗೆ, ನಾಯಿಗೆ ದಿನಾ ಬರೆಯುವ ಎಷ್ಟೋ ಆ್ಯಂಟಿಬಯಾಟಿಕ್‌ಗಳು ಗಿನಿ ಪಿಗ್‌ಗೆ ವಿಷ. ಅಮಾಕ್ಸಿಸಿಲಿನ್, ಆ್ಯಂಪಿಸಿಲಿನ್, ಕ್ಲಿಂಡಾಮೈಸಿನ್, ಲಿಂಕೋಮೈಸಿನ್, ಎರಿಥ್ರೋಮೈಸಿನ್, ಬಾಯಿಗೆ ಹಾಕುವ ಸೆಫಲೋಸ್ಪೋರಿನ್‌ಗಳು ಇದರ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತವೆ. ಖಾಲಿಯಾದ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಎಂಬ ಕೆಟ್ಟ ಬ್ಯಾಕ್ಟೀರಿಯಾ ಬೆಳೆದು ವಿಷ ಉಗುಳುತ್ತದೆ. ಭೇದಿ ಹತ್ತಿ ಕೆಲವೇ ದಿನಗಳಲ್ಲಿ ಪ್ರಾಣಿ ಹೋಗಿಬಿಡುತ್ತದೆ. ಮನೆಯಲ್ಲಿ ಮಗುವಿಗೆ ತಂದು ಉಳಿದ ಗುಲಾಬಿ ಬಣ್ಣದ ಸಿರಪ್ಪು ನೆಗಡಿಗೆ ಒಳ್ಳೆಯದೆಂದು ಎರಡು ಹನಿ ಹಾಕುವುದು ಇದೇ ಕಾರಣಕ್ಕೆ ಅಪಾಯ. ಎನ್ರೋಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್, ಟ್ರೈಮೆಥೊಪ್ರಿಮ್-ಸಲ್ಫಾ ಇವನ್ನು ಗಿನಿ ಪಿಗ್‌ಗೆ ಸಾಮಾನ್ಯವಾಗಿ ಬಳಸುತ್ತಾರೆ. ಇವುಗಳಲ್ಲೂ ಊಟ ಕಡಿಮೆ ಆಗಬಹುದು, ಹಿಕ್ಕೆ ಮೆತ್ತಗಾಗಬಹುದು. ಆದರೆ ನೀವಾಗಿಯೇ ನಿಲ್ಲಿಸದೆ ವೈದ್ಯರಿಗೆ ತಿಳಿಸಿ. ಪ್ರಶ್ನೆ ಕೇಳಿದರೆ ಬೇಜಾರು ಮಾಡಿಕೊಳ್ಳುವ ವೈದ್ಯರು ಕಡಿಮೆ. ಪುಸ್ತಕ ತೆಗೆದು ನೋಡಿಯೇ ಬರೆದುಕೊಡುವವರನ್ನು ನಾನು ಹೆಚ್ಚು ನಂಬುತ್ತೇನೆ.

ಎರಡನೆಯ ಪ್ರಶ್ನೆ, ಹೃದಯದ್ದು. ಸೋಂಕಿನ ಔಷಧಿ ಸರಿಯಾಗಿ ಕೊಟ್ಟರೂ ಉಸಿರು ಇಳಿಯಲಿಲ್ಲ, ಮೂಗಿನಲ್ಲಿ ನೀರೂ ಇಲ್ಲ, ಪ್ರಾಣಿಗೆ ಮೂರು ವರ್ಷ ದಾಟಿದೆ ಎಂದಾದರೆ, ಇನ್ನೊಂದು ಆ್ಯಂಟಿಬಯಾಟಿಕ್ ಶುರು ಮಾಡುವ ಮುಂಚೆ "ಹೃದಯ ಒಮ್ಮೆ ನೋಡಬಹುದಾ?" ಎಂದು ಕೇಳಿ. ಎಕ್ಸ್‌ರೇಯಲ್ಲಿ ಹೃದಯ ದೊಡ್ಡದಾಗಿದೆಯೇ, ಶ್ವಾಸಕೋಶದಲ್ಲಿ ನೀರಿದೆಯೇ ಎಂಬುದು ಒಂದು ಮಟ್ಟಿಗೆ ತಿಳಿಯುತ್ತದೆ. ನಿಖರವಾಗಿ ಹೇಳುವುದು ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್. ಹೃದಯದ ಗೋಡೆ ತೆಳ್ಳಗಾಗಿ ಹಿಗ್ಗಿದೆಯೋ, ದಪ್ಪಗಾಗಿದೆಯೋ, ಹೃದಯದ ಸುತ್ತಿನ ಚೀಲದಲ್ಲಿ ನೀರು ನಿಂತಿದೆಯೋ ಎಂಬುದು ಅದರಲ್ಲಿ ಕಾಣುತ್ತದೆ. ಉಸಿರು ತೀರಾ ಕಷ್ಟವಿದ್ದರೆ ಎಕ್ಸ್‌ರೇಗೆ ಹಿಡಿದು ಮಲಗಿಸುವುದೇ ಅಪಾಯ. ಮೊದಲು ಆಮ್ಲಜನಕ, ಆಮೇಲೆ ಪರೀಕ್ಷೆ ಎಂದು ನೀವೂ ನೆನಪಿಸಿ.

ಎಕೋ ಸಿಗದ ಕಡೆ ವೈದ್ಯರು ಫ್ಯುರೋಸೆಮೈಡ್ ಎಂಬ ಔಷಧಿ ಕೊಟ್ಟು ನೋಡುವುದುಂಟು. ಮೆಡಿಕಲ್ ಅಂಗಡಿಯಲ್ಲಿ ಲ್ಯಾಸಿಕ್ಸ್ ಎಂದರೆ ಎಲ್ಲರಿಗೂ ಗೊತ್ತು. ಅದು ಹೆಚ್ಚಿಗೆ ಮೂತ್ರ ಮಾಡಿಸಿ ಮೈಯೊಳಗಿನ ನೀರು ಇಳಿಸುತ್ತದೆ. ಕೊಟ್ಟ ಕೆಲವು ಗಂಟೆಗಳಲ್ಲಿ ಉಸಿರು ಸಲೀಸಾದರೆ ನೀರು ತುಂಬಿದ್ದೇ ಕಾರಣ ಎಂಬುದಕ್ಕೆ ದೊಡ್ಡ ಸುಳಿವು ಸಿಕ್ಕಂತೆ. ನಿಮ್ಮ ವಿಡಿಯೊ ಎಣಿಕೆಗೆ ಬೆಲೆ ಬರುವುದು ಇಲ್ಲಿಯೇ. ಔಷಧಿಗೆ ಮುಂಚೆ ಎಷ್ಟು, ಎರಡು ಗಂಟೆ ಆದಮೇಲೆ ಎಷ್ಟು, ನಾಲ್ಕು ಗಂಟೆಗೆ ಎಷ್ಟು ಎಂದು ಬರೆದು ತೋರಿಸಿದರೆ ವೈದ್ಯರಿಗೆ ಮುಂದಿನ ದಾರಿ ಕಾಣುತ್ತದೆ. ಮನೆಯಲ್ಲಿ ಅಜ್ಜನಿಗೆ ತಂದ ಮಾತ್ರೆ ಮುರಿದು ನೀವೇ ಪ್ರಯೋಗ ಮಾಡಬೇಡಿ. ಒಂದು ಕಿಲೋ ತೂಗದ ಜೀವಕ್ಕೆ ಚೂರು ಹೆಚ್ಚಾದರೂ ಮೈಯ ನೀರೆಲ್ಲ ಬತ್ತಿ ಮೂತ್ರಪಿಂಡ ಕೆಡುತ್ತದೆ.

ಹೃದಯದ ಔಷಧಿ ಶುರುವಾದ ಮೇಲೆ

ಹೃದಯದ ತೊಂದರೆ ಹೆಚ್ಚಾಗಿ ಪೂರ್ತಿ ವಾಸಿಯಾಗುವುದಿಲ್ಲ, ಹತೋಟಿಗೆ ಬರುತ್ತದೆ. ಫ್ಯುರೋಸೆಮೈಡ್ ಜೊತೆಗೆ ಹೃದಯದ ಬಡಿತಕ್ಕೆ ಬಲ ಕೊಡುವ ಪಿಮೊಬೆಂಡಾನ್, ರಕ್ತನಾಳ ಸಡಿಲಿಸುವ ಎನಾಲಾಪ್ರಿಲ್ ಅಥವಾ ಬೆನಾಜೆಪ್ರಿಲ್ ಬರೆಯಬಹುದು. ಸರಿಯಾದ ಔಷಧಿ ಸಿಕ್ಕ ಪ್ರಾಣಿ ಮತ್ತೆ ಹುಲ್ಲಿಗೆ ಓಡಿ ಬರುತ್ತದೆ, ತೂಕ ಏರುತ್ತದೆ. ಆದರೆ ಔಷಧಿ ದಿನಾ, ಹೊತ್ತಿಗೆ ಸರಿಯಾಗಿ, ಬದುಕಿರುವವರೆಗೆ ಬೇಕಾಗಬಹುದು. ಹಬ್ಬ, ಮದುವೆ ಎಂದು ಎರಡು ದಿನ ಬಿಡುವಂತಿಲ್ಲ.

ನಾಯಿಯ ಅಳತೆಯ ಮಾತ್ರೆಯನ್ನು ಚಾಕುವಿನಿಂದ ಎಂಟು ಚೂರು ಮಾಡಿದರೆ ಎಂಟೂ ಒಂದೇ ಅಳತೆ ಇರುವುದಿಲ್ಲ. ದ್ರವರೂಪದಲ್ಲಿ ಸಿಗುತ್ತದೆಯೇ ಎಂದು ಕೇಳಿ, ಇಲ್ಲವೆಂದರೆ ಎಷ್ಟು ನೀರಿನಲ್ಲಿ ಕರಗಿಸಿ ಎಷ್ಟು ಕೊಡಬೇಕು ಎಂದು ವೈದ್ಯರಿಂದಲೇ ಬರೆಸಿಕೊಳ್ಳಿ. ಸೂಜಿ ತೆಗೆದ 1 ಎಂಎಲ್ ಸಿರಿಂಜ್ ಇದಕ್ಕೆ ಸರಿ. ತೊಡೆಯ ಮೇಲೆ ಟವೆಲ್ ಹಾಸಿ ಕೂರಿಸಿ. ಮುಂಹಲ್ಲಿನ ಪಕ್ಕದಿಂದ, ಕೆನ್ನೆಯ ಕಡೆಗೆ ಸಿರಿಂಜ್ ತೂರಿಸಿ, ಸ್ವಲ್ಪ ಸ್ವಲ್ಪವೇ ಬಿಡಿ. ಅದು ಚಪ್ಪರಿಸಿ ನುಂಗಿದ ಮೇಲೆ ಮತ್ತೆ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡು ಪಟ್ಟು ಕೊಡಬೇಡಿ, ವೈದ್ಯರನ್ನು ಕೇಳಿ.

ಮೈಯಲ್ಲಿ ನೀರು ತುಂಬಿದೆ ಎಂದು ಕುಡಿಯುವ ನೀರು ಕಡಿಮೆ ಮಾಡುವವರಿದ್ದಾರೆ. ಅದು ಖಂಡಿತ ಬೇಡ. ಮೂತ್ರ ಹೆಚ್ಚಿಸುವ ಔಷಧಿ ನಡೆಯುತ್ತಿರುವಾಗ ಬಾಟಲಿಯ ಜೊತೆಗೆ ಒಂದು ಬಟ್ಟಲಿನಲ್ಲೂ ನೀರಿಡಿ. ಸೊಪ್ಪನ್ನು ತೊಳೆದು ಒದ್ದೆಯಾಗಿಯೇ ಹಾಕಿ. ಮೂತ್ರ ಜಾಸ್ತಿಯಾದ್ದರಿಂದ ಹಾಸಿಗೆ ಬೇಗ ನೆನೆಯುತ್ತದೆ, ಅಮೋನಿಯಾ ವಾಸನೆ ಏಳುತ್ತದೆ, ಅದೇ ಉಸಿರಿಗೆ ಮತ್ತೆ ತೊಂದರೆ ಕೊಡುತ್ತದೆ. ಆದ್ದರಿಂದ ಬೆಳಿಗ್ಗೆ ಸಂಜೆ ಎರಡು ಸಲ ಒದ್ದೆ ಜಾಗ ತೆಗೆದು ಬದಲಿಸಿ.

ತಿನ್ನುವುದು ಕಡಿಮೆ ಆದಾಗ, ಬಾಯಿ ಮುಚ್ಚಿ ಉಸಿರಾಡುತ್ತಿದ್ದರೆ ಮಾತ್ರ, ಗಿನಿ ಪಿಗ್ ಪೆಲೆಟ್ (ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ಆಹಾರ) ನೆನೆಸಿ ಅರೆದು, ಸಿರಿಂಜಿನಿಂದ ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ಕೊಡಿ. ಈ ದಿನಗಳಲ್ಲಿ ತೂಕ ವಾರಕ್ಕೊಮ್ಮೆ ಅಲ್ಲ, ದಿನಾ ನೋಡಬೇಕು. ಹೃದಯದ ರೋಗಿಯ ತೂಕ ಒಂದೇ ದಿನದಲ್ಲಿ ಏರಿತೆಂದರೆ ಖುಷಿಪಡುವ ಮುಂಚೆ ಉಸಿರು ಎಣಿಸಿ. ಮತ್ತೆ ನೀರು ತುಂಬಿಕೊಳ್ಳುತ್ತಿರಬಹುದು.

ಜೊತೆಗಾರನ ವಿಷಯ. ಸೋಂಕಿನ ಅನುಮಾನ ಇದ್ದರೆ ಬೇರೆ ಇಡಿ, ಆದರೆ ಒಂದಕ್ಕೊಂದು ಕಾಣುವಂತಿರಲಿ. ಹೃದಯದ ತೊಂದರೆ ಎಂದು ಗೊತ್ತಾದ ಮೇಲೆ ಬೇರೆ ಮಾಡುವ ಅಗತ್ಯವೇ ಇಲ್ಲ, ಅದು ಅಂಟುವುದಿಲ್ಲ. ಒಂಟಿತನ ಇವಕ್ಕೆ ನಿಜವಾದ ಕಷ್ಟ. ಆಸ್ಪತ್ರೆಗೂ ಇಬ್ಬರನ್ನೂ ಒಯ್ದರೆ ರೋಗಿ ಸಮಾಧಾನವಾಗಿರುತ್ತದೆ.

ಮನೆಯ ಗಾಳಿ

ಔಷಧಿಯಷ್ಟೇ ಮುಖ್ಯವಾದದ್ದು ಇದು, ಮತ್ತು ಪೂರ್ತಿ ನಮ್ಮ ಕೈಯಲ್ಲಿರುವುದು. ನೆಲಕ್ಕೆ ಹತ್ತಿರ ಇರುವ ಪ್ರಾಣಿಯ ಮೂಗು ನಮಗೆ ವಾಸನೆ ತಿಳಿಯುವ ಮುಂಚೆಯೇ ಅಮೋನಿಯಾ ಉಂಡಿರುತ್ತದೆ. ಒಮ್ಮೆ ಮಂಡಿಯೂರಿ ಪಂಜರದ ಮಟ್ಟಕ್ಕೆ ಮೂಗಿಟ್ಟು ನೋಡಿ. ಕಣ್ಣು ಚುರ್ ಎಂದರೆ ಸ್ವಚ್ಛತೆ ಸಾಲುತ್ತಿಲ್ಲ.

ಬಡಗಿ ಅಂಗಡಿಯ ಮರದ ಹೊಟ್ಟು ಪುಕ್ಕಟೆ ಸಿಗುತ್ತದೆ ಎಂದು ತಂದು ಹಾಸಬೇಡಿ. ಅದರ ಸಣ್ಣ ಪುಡಿ ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಕೆಲವು ಮರಗಳ ಎಣ್ಣೆಯೂ ಉರಿಸುತ್ತದೆ. ಶೇಂಗಾ ಹೊಟ್ಟು, ಧೂಳು ಹಿಡಿದ ಕಣಿಕೆಯೂ ಅಷ್ಟೇ. ದಪ್ಪ ಹತ್ತಿ ಟವೆಲ್ ಅಥವಾ ಫ್ಲೀಸ್ ಬಟ್ಟೆ ಹಾಸಿ, ದಿನಾ ಬದಲಿಸಿ ಒಗೆಯಿರಿ. ತಿನ್ನುವ ಒಣಹುಲ್ಲನ್ನು ಹೊರಗೆ ಕೊಡವಿ ಹಾಕಿ. ಧಾರವಾಡದ ಜಿಟಿಜಿಟಿ ಮಳೆಯ ತಿಂಗಳುಗಳಲ್ಲಿ ಹುಲ್ಲಿನ ಚೀಲಕ್ಕೆ ಬೂಜು ಹಿಡಿಯುತ್ತದೆ. ಮುಗ್ಗಲು ವಾಸನೆ ಬಂದ ಹುಲ್ಲನ್ನು ಒಣಗಿಸಿ ಹಾಕುವ ಉಳಿತಾಯ ಬೇಡ, ಎಸೆದುಬಿಡಿ.

ಬ್ಯಾಡಗಿ ಮೆಣಸಿನಕಾಯಿಯ ನಾಡು ನಮ್ಮದು. ಬೇಸಿಗೆಯಲ್ಲಿ ವರ್ಷದ ಖಾರಪುಡಿ ಮಾಡಲು ಮೆಣಸಿನಕಾಯಿ ಹುರಿಯುವ ದಿನ ಮನೆಮಂದಿಯೆಲ್ಲ ಕೆಮ್ಮುತ್ತೇವೆ. ಆವತ್ತು ಗಿನಿ ಪಿಗ್ ಅನ್ನು ಇನ್ನೊಂದು ಮನೆಗೇ ಕಳಿಸಿ, ಅಥವಾ ಹುರಿಯುವುದನ್ನೇ ಹೊರಗೆ ಮಾಡಿ. ದಿನದ ಒಗ್ಗರಣೆಯ ಘಾಟೂ ಪಂಜರದ ಕಡೆ ಹೋಗದಿರಲಿ. ಸೊಳ್ಳೆ ಕಾಯಿಲ್, ಊದಿನಕಡ್ಡಿ, ರೂಮ್ ಸ್ಪ್ರೇ, ಸಿಗರೇಟು ಆ ಕೋಣೆಯಲ್ಲಿ ಬೇಡವೇ ಬೇಡ. ಸೊಳ್ಳೆಗೆ ಕಿಟಕಿಗೆ ಜಾಲರಿ, ಪಂಜರಕ್ಕೆ ಪರದೆ. ಹುಬ್ಬಳ್ಳಿಯಲ್ಲಿ ರಂಗಪಂಚಮಿಯ ದಿನ ಗಾಳಿಯಲ್ಲೆಲ್ಲ ಬಣ್ಣದ ಪುಡಿ, ದೀಪಾವಳಿಗೆ ಪಟಾಕಿ ಹೊಗೆ. ಎರಡೂ ದಿನ ಒಳಕೋಣೆ, ಮುಚ್ಚಿದ ಕಿಟಕಿ.

ನಾಯಿ, ಮೊಲಗಳ ಮೂಗಿನಲ್ಲಿ ಬಾರ್ಡೆಟೆಲ್ಲಾ ಎಂಬ ಬ್ಯಾಕ್ಟೀರಿಯಾ ಅವಕ್ಕೆ ಏನೂ ಮಾಡದೆ ಇರಬಹುದು. ಗಿನಿ ಪಿಗ್‌ಗೆ ಅದೇ ನ್ಯುಮೋನಿಯಾ ತರುತ್ತದೆ. ಮೊಲ ಮತ್ತು ಗಿನಿ ಪಿಗ್ ಅನ್ನು ಅಂಗಡಿಯವರು ಒಂದೇ ಪಂಜರದಲ್ಲಿ ಇಟ್ಟು ಮಾರುತ್ತಾರೆ. ಮನೆಗೆ ತಂದಮೇಲೆ ಹಾಗೆ ಇಡಬೇಡಿ. ನಾಯಿಯನ್ನು ಮುಟ್ಟಿದ ಕೈ ತೊಳೆದು ಇದನ್ನು ಮುಟ್ಟಿ. ಮನೆಯಲ್ಲಿ ಕೆಮ್ಮು ಇರುವವರು ಮುಖಕ್ಕೆ ಮುಖ ಕೊಟ್ಟು ಮುದ್ದಾಡುವುದನ್ನು ಬಿಡಿ.

ನಮ್ಮ ಬೇಸಿಗೆ

18ರಿಂದ 24 ಡಿಗ್ರಿ ಸೆಲ್ಸಿಯಸ್ ಇವಕ್ಕೆ ಹಿತ. ಏಪ್ರಿಲ್‌ನಲ್ಲಿ ಹುಬ್ಬಳ್ಳಿ 37-38 ಮುಟ್ಟುತ್ತದೆ, ಗದಗ ಇನ್ನೂ ಕಾಯುತ್ತದೆ. ಇವು ಬೆವರುವುದಿಲ್ಲ. ಆರೋಗ್ಯವಂತ ಪ್ರಾಣಿಗೇ 30 ಡಿಗ್ರಿ ಆಚೆ ಕಷ್ಟ, ಹೃದಯ ಸೋತದ್ದಕ್ಕೆ ಒಂದು ಮಧ್ಯಾಹ್ನ ಸಾಕು. ಮಾರ್ಚ್ ಬರುವ ಮುಂಚೆಯೇ ಪಂಜರವನ್ನು ಬಾಲ್ಕನಿಯಿಂದ, ತಗಡಿನ ಕೋಣೆಯಿಂದ ಮನೆಯ ನಡುಕೋಣೆಗೆ ತನ್ನಿ. ಶಹಾಬಾದ್ ಕಲ್ಲಿನ ನೆಲವಿರುವ ಹಳೆಯ ಮನೆಯಾದರೆ ನೆಲದ ಮೇಲೆಯೇ ಇಡಿ, ಒಂದು ಬಿಡಿ ಕಲ್ಲನ್ನು ಪಂಜರದೊಳಗೂ ಹಾಕಿ. ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ ಟವೆಲ್ ಸುತ್ತಿ ಒಂದು ಮೂಲೆಗಿಡಿ, ಬೇಕೆಂದಾಗ ಅದೇ ಹೋಗಿ ಒರಗುತ್ತದೆ. ಕಿಟಕಿಗೆ ಒದ್ದೆ ಗೋಣಿಚೀಲ ಒಳ್ಳೆಯದು. ಕೂಲರ್ ಗಾಳಿ ನೇರ ಪಂಜರಕ್ಕೆ ಬಡಿಯದಿರಲಿ. ಕರೆಂಟ್ ಹೋದಾಗ ಏನು ಮಾಡುವುದೆಂದು ಮೊದಲೇ ಯೋಚಿಸಿಡಿ.

ಬಿಸಿಲು ಬಡಿದು ಜೊಲ್ಲು ಸುರಿಸಿ, ಉದ್ದಕ್ಕೆ ಬಿದ್ದು ತೇಕುತ್ತಿದ್ದರೆ ನೆರಳಿಗೆ ತನ್ನಿ, ಸಾದಾ ತಣ್ಣೀರಿನ ಬಟ್ಟೆಯಿಂದ ಕಿವಿ, ಪಾದ ಒರೆಸಿ. ಐಸ್ ನೀರು ಬೇಡ, ನೀರಲ್ಲಿ ಮುಳುಗಿಸುವುದೂ ಬೇಡ. ಸುಧಾರಿಸಿದಂತೆ ಕಂಡರೂ ವೈದ್ಯರಿಗೆ ತೋರಿಸಿ.

ತಟ್ಟೆಯಲ್ಲಿ

ಮನುಷ್ಯರ ಹಾಗೆ ಗಿನಿ ಪಿಗ್ ಕೂಡ ತನ್ನ ಮೈಯಲ್ಲಿ ವಿಟಮಿನ್ ಸಿ ತಯಾರಿಸಿಕೊಳ್ಳಲಾರದು. ಸಿಗದಿದ್ದರೆ ಸೋಂಕು ತಡೆಯುವ ಶಕ್ತಿಯೇ ಹೋಗುತ್ತದೆ. ಒಂದು ಕಿಲೋ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಬೇಕು. ದಿನಕ್ಕೆ ದೊಣ್ಣ ಮೆಣಸಿನಕಾಯಿಯ (ಕ್ಯಾಪ್ಸಿಕಂ) ಒಂದು ಹೋಳು, ಒಂದು ಹಿಡಿ ಕೊತ್ತಂಬರಿ ಇದ್ದರೆ ಹೆಚ್ಚು ಕಡಿಮೆ ಅಲ್ಲಿಗೆ ಬಂತು. ಧಾರವಾಡದ ಪೇರಲ ವಿಟಮಿನ್ ಸಿ ತುಂಬಿದ ಹಣ್ಣು, ಆದರೆ ಸಕ್ಕರೆಯೂ ಇದೆ. ವಾರಕ್ಕೆ ಒಂದೆರಡು ಸಲ ಬೆರಳತುದಿಯಷ್ಟು ಸಾಕು. ವಿಟಮಿನ್ ಹನಿಯನ್ನು ಕುಡಿಯುವ ನೀರಿಗೆ ಬೆರೆಸಬೇಡಿ. ಬೆಳಕಿಗೆ ಬೇಗ ಕೆಡುತ್ತದೆ, ರುಚಿ ಬದಲಾಗಿ ನೀರು ಕುಡಿಯುವುದನ್ನೇ ಬಿಡುತ್ತದೆ. ಉಳಿದ ಹೊಟ್ಟೆಯೆಲ್ಲ ಹುಲ್ಲಿಗೆ ಮೀಸಲು. ಗಿರಮಿಟ್, ಚಿಪ್ಸ್, ಪೇಢಾ ಕೊಟ್ಟು ಮಕ್ಕಳು ಪ್ರೀತಿ ತೋರಿಸಲು ಬಂದರೆ ತಡೆಯಿರಿ. ಉಪ್ಪು, ಬೊಜ್ಜು ಎರಡೂ ಹೃದಯಕ್ಕೆ ಭಾರ.

ಕಷ್ಟದ ಮಾತು, ಮತ್ತು ಊರಿಗೆ ಹೋಗುವಾಗ

ಔಷಧಿ ಏರಿಸಿದರೂ ಉಸಿರು ಇಳಿಯದೆ, ಮಲಗಲಾರದೆ, ಇಷ್ಟದ ಸೊಪ್ಪಿಗೂ ಮುಖ ತಿರುಗಿಸುತ್ತಾ ದಿನ ಕಳೆಯುತ್ತಿದ್ದರೆ, ನೋವಿಲ್ಲದೆ ಕಳಿಸಿಕೊಡುವ ಬಗ್ಗೆ ವೈದ್ಯರ ಜೊತೆ ಮಾತಾಡಿ. ಉಸಿರು ಕಟ್ಟಿ ಸಾಯುವುದು ಬಹಳ ಹಿಂಸೆ. ಒಳ್ಳೆಯ ಗಳಿಗೆಗಳು ಎಷ್ಟು, ಕೆಟ್ಟವು ಎಷ್ಟು ಎಂಬುದು ನಿಮ್ಮ ನೋಟ್‌ಬುಕ್‌ನಲ್ಲಿಯೇ ಕಾಣುತ್ತದೆ. ಅದನ್ನು ನೋಡಿ ತೆಗೆದುಕೊಂಡ ತೀರ್ಮಾನಕ್ಕೆ ತಪ್ಪಿತಸ್ಥ ಭಾವ ಇಟ್ಟುಕೊಳ್ಳಬೇಡಿ.

ಇನ್ನು, ನಾಗರಪಂಚಮಿಗೋ ಜಾತ್ರೆಗೋ ಊರಿಗೆ ಹೊರಟಾಗ ಔಷಧಿ ನಡೆಯುತ್ತಿರುವ ಪ್ರಾಣಿಯನ್ನು ಬಸ್ಸಿನಲ್ಲಿ ಒಯ್ಯುವುದಕ್ಕಿಂತ ಅದರ ಜಾಗದಲ್ಲೇ ಬಿಟ್ಟು, ದಿನಕ್ಕೆ ಎರಡು ಮೂರು ಸಲ ಬರುವವರನ್ನು ಗೊತ್ತು ಮಾಡುವುದು ಒಳ್ಳೆಯದು. ಹೊರಡುವ ಮುಂಚೆ ಅವರ ಕೈಯಿಂದಲೇ ಎರಡು ಸಲ ಔಷಧಿ ಕೊಡಿಸಿ ನೋಡಿ. ಔಷಧಿಯ ಹೆಸರು, ಅಳತೆ, ಹೊತ್ತು, ವಾಡಿಕೆಯ ಉಸಿರಿನ ಎಣಿಕೆ, ಈಗಿನ ತೂಕ, ವೈದ್ಯರ ಫೋನ್ ನಂಬರ್, ಕೊಡಬಾರದ ಆ್ಯಂಟಿಬಯಾಟಿಕ್‌ಗಳ ಹೆಸರು, ಇಷ್ಟನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಪಂಜರಕ್ಕೆ ಅಂಟಿಸಿ. ಆಸ್ಪತ್ರೆಯ ಖರ್ಚಿಗೆ ಹಣವನ್ನೂ ಕೊಟ್ಟು ಹೋಗಿ. ನಿಮಗೆ ಫೋನ್ ಸಿಗದಿದ್ದರೂ ಅವರು ಕಾಯದೆ ಹೊರಡುವಂತಿರಬೇಕು.